ಪಾದ ನೋಯ್ತಿದೆಯಾ? ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಈ ಸಲದ ಸಂಚಿಕೆ ಪಾದದ ನೋವಿನ ಬಗ್ಗೆ. ಸೊಂಟ ಅಲ್ಲ, ಮಂಡಿ ಅಲ್ಲ, ಗಿಣ್ಣಿನಿಂದ ಕೆಳಗೆ ಚಪ್ಪಲಿ ಒಳಗೆ ಇರುತ್ತಲ್ಲ, ಆ ಭಾಗ. ಬಸ್ಸಿನ ಗಲಾಟೆಯಲ್ಲಿ ಸರಿಯಾಗಿ ಕೇಳಿಸದವರಿಗೆ, ಇಯರ್‌ಫೋನ್ ಮನೆಯಲ್ಲೇ ಮರೆತು ಬಂದವರಿಗೆ ಇದು ಅದರ ಬರಹ ರೂಪ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಇದನ್ನು ಓದಿಕೊಂಡು ಯಾರೂ ತಮಗೆ ತಾವೇ ಮಾತ್ರೆ ಬರೆದುಕೊಳ್ಳಬೇಡಿ. ಆದರೆ ಕಾಲು ನೋವು ಅಂದ ತಕ್ಷಣ ನಮ್ಮಲ್ಲಿ ಎರಡೇ ದಾರಿ. ಒಂದೋ ಮೆಡಿಕಲ್ ಸ್ಟೋರ್‌ಗೆ ಹೋಗಿ 'ಅಣ್ಣ, ಒಂದು ನೋವಿನ ಮಾತ್ರೆ ಕೊಡಿ' ಅನ್ನೋದು, ಇಲ್ಲಾ 'ಇವತ್ತು ಜಾಸ್ತಿ ಓಡಾಡಿದೆ, ಅದಕ್ಕೇ' ಅಂತ ಮಲಗಿಬಿಡೋದು. ಇವೆರಡರ ನಡುವೆ ತಿಳ್ಕೊಳ್ಳೋದು ಬೇಕಾದಷ್ಟಿದೆ. ನೋವು ಎಲ್ಲಿದೆ, ಯಾವ ಹೊತ್ತಲ್ಲಿ ಬರುತ್ತೆ, ಹೇಗೆ ಶುರುವಾಯ್ತು? ಈ ಮೂರಕ್ಕೆ ಉತ್ತರ ಸಿಕ್ಕರೆ ಕಾರಣ ಅರ್ಧ ಗೊತ್ತಾದ ಹಾಗೇ. ಇನ್ನೊಂದು ವಿಚಿತ್ರ ಏನಂದ್ರೆ, ಈ ಸಂಚಿಕೆಗೋಸ್ಕರ ಓದ್ತಾ ಹೋದಂತೆ ನೋಯುವ ಕಾಲಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ನೋಯದೇ ಇರುವ ಕಾಲು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನಮ್ಮ ನಿಮ್ಮ ವಯಸ್ಸಿನವರ ಕಾಲಿನ ವಿಷಯ ಮಾತಾಡೋಣ.

ಮಂಚದಿಂದ ಇಳಿದ ಮೊದಲ ಹೆಜ್ಜೆ

ತುಮಕೂರಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ರೈಲಲ್ಲಿ ಪಾಸ್ ಇಟ್ಕೊಂಡು ಹೋಗೋರಿಗೆ ಗೊತ್ತು, ಸೀಟು ಸಿಕ್ಕೋದು ಪುಣ್ಯ. ನಿಂತುಕೊಂಡೇ ಹೋಗಿ, ಅಲ್ಲಿ ಶೋರೂಮ್‌ನಲ್ಲೋ ಗೋಡೌನ್‌ನಲ್ಲೋ ದಿನವಿಡೀ ನಿಂತು, ಮತ್ತೆ ನಿಂತುಕೊಂಡೇ ವಾಪಸ್ ಬರೋದು. ಬಿ.ಎಚ್. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ಸೀರೆ ತೋರಿಸೋ ಹುಡುಗಿಯರನ್ನ ನೋಡಿ, ಗಿರಾಕಿ ಇಲ್ಲದಾಗಲೂ ಕೂರೋ ಹಾಗಿಲ್ಲ. ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಪೂರ್ತಿ ಕಾಂಕ್ರೀಟ್ ನೆಲದ ಮೇಲೆ ನಿಲ್ಲೋರಿದ್ದಾರೆ. ಇವರಲ್ಲಿ ಯಾರನ್ನಾದರೂ ಕೇಳಿ, ಒಬ್ಬರಲ್ಲ ಒಬ್ಬರು ಇದೇ ಮಾತು ಹೇಳ್ತಾರೆ: 'ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂಗೆ ಆಗುತ್ತೆ. ನಾಲ್ಕು ಹೆಜ್ಜೆ ಕುಂಟಿಕೊಂಡು ಹೋದರೆ ಸರಿ ಹೋಗುತ್ತೆ. ಸಂಜೆ ಮತ್ತೆ ಶುರು.'

ಈ ಲಕ್ಷಣವೇ ಒಂದು ರಿಪೋರ್ಟ್ ಇದ್ದ ಹಾಗೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದ ತನಕ ಅಂಗಾಲಿನ ಉದ್ದಕ್ಕೂ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಅದು ಅಂಗಾಲಿನ ಕಮಾನನ್ನು ಎಳೆದು ಹಿಡಿದಿರುತ್ತೆ. ಜಾಸ್ತಿ ಹೊತ್ತು ನಿಂತಾಗ, ತೂಕ ಏರಿದಾಗ, ಮೀನಖಂಡ ಬಿಗಿಯಾಗಿದ್ದಾಗ, ತೆಳು ಚಪ್ಪಲಿ ಹಾಕ್ಕೊಂಡು ಗಟ್ಟಿ ನೆಲದಲ್ಲಿ ಓಡಾಡಿದಾಗ ಹಿಮ್ಮಡಿಗೆ ಅಂಟಿಕೊಂಡ ತುದಿಯಲ್ಲಿ ಆ ಪಟ್ಟಿ ಸ್ವಲ್ಪ ಸ್ವಲ್ಪವೇ ಘಾಸಿಯಾಗುತ್ತೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಚಾಚಿಕೊಂಡಿರುತ್ತೆ, ಪಟ್ಟಿ ಕುಗ್ಗುತ್ತೆ. ಬೆಳಿಗ್ಗೆ ಒಮ್ಮೆಗೇ ಇಡೀ ಮೈಯ ಭಾರ ಬಿದ್ದಾಗ ಸೆಳೆಯುತ್ತೆ. ಡಾಕ್ಟರುಗಳು ಇದಕ್ಕೆ ಪ್ಲಾಂಟರ್ ಫೇಶಿಯೈಟಿಸ್ ಅಂತಾರೆ. ಹತ್ತು ಜನರಲ್ಲಿ ಒಬ್ಬರಿಗಾದರೂ ಜೀವನದಲ್ಲಿ ಒಮ್ಮೆ ಬರುತ್ತೆ ಅನ್ನೋದು ವೈದ್ಯರ ಸಾಮಾನ್ಯ ಅಂದಾಜು.

ಎಕ್ಸ್‌ರೇ ತೆಗೆಸಿದವರು ಇಲ್ಲಿ ಒಂದು ಪದಕ್ಕೆ ಹೆದರಿಕೊಳ್ತಾರೆ: 'ಮೂಳೆ ಬೆಳೆದಿದೆಯಂತೆ.' ಹಿಮ್ಮಡಿ ಕೆಳಗೆ ಮುಳ್ಳಿನ ಹಾಗೆ ಒಂದು ಚೂರು ಮೂಳೆ ಕಾಣಿಸುತ್ತೆ, ನಿಜ. ಆದರೆ ಏನೂ ನೋವಿಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದೇ ಮುಳ್ಳು ಕಾಣುತ್ತೆ. ಹಿಮ್ಮಡಿಗೆ ಚುಚ್ಚುತ್ತಿರೋದು ಅದೇ ಅಂತ ತಿಳ್ಕೊಂಡು ಆಪರೇಷನ್ ಮಾಡಿಸೋಕೆ ಹೊರಡಬೇಡಿ. ಹೆಚ್ಚಿನವರಿಗೆ ಆಪರೇಷನ್ ಇಲ್ಲದೇ ವಾಸಿಯಾಗುತ್ತೆ. ಬೇಸರದ ವಿಷಯ ಅಂದ್ರೆ ನಿಧಾನ, ತಿಂಗಳುಗಟ್ಟಲೆ ಹಿಡಿಯಬಹುದು. ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡರೆ ಕೆಲವು ವಾರ ಹಾಯಾಗಿರುತ್ತೆ. ಅದನ್ನೇ ಮತ್ತೆ ಮತ್ತೆ ಹಾಕಿಸ್ತಾ ಹೋದರೆ ಆ ಪಟ್ಟಿಯೇ ಹರಿಯೋ ಅಪಾಯ ಇದೆ.

ಹಾಗಾದರೆ ಮಾಡೋದೇನು? ದುಡ್ಡು ಖರ್ಚಿಲ್ಲದ ಕೆಲಸ. ಮಂಚದಿಂದ ಇಳಿಯೋಕೆ ಮುಂಚೆಯೇ ನೋಯೋ ಕಾಲನ್ನ ಇನ್ನೊಂದು ತೊಡೆ ಮೇಲೆ ಇಟ್ಕೊಳ್ಳಿ, ಕಾಲ್ಬೆರಳುಗಳನ್ನ ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೀರಿ. ಅಂಗಾಲಿನ ಪಟ್ಟಿ ಬಿಗಿಯಾಗೋದು ಇನ್ನೊಂದು ಕೈಗೆ ಸಿಗುತ್ತೆ. ಹತ್ತು ಸೆಕೆಂಡ್ ಹಿಡಿದು ಬಿಡಿ, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಇನ್ನೊಂದು, ಗೋಡೆಗೆ ಕೈ ಕೊಟ್ಟು ನಿಂತು ನೋಯೋ ಕಾಲನ್ನ ಹಿಂದಕ್ಕಿಟ್ಟು, ಮಂಡಿ ನೇರವಾಗಿರಲಿ, ಹಿಮ್ಮಡಿ ನೆಲಕ್ಕೆ ಅಂಟಿರಲಿ, ಮುಂದಕ್ಕೆ ಬಾಗಿ ಅರ್ಧ ನಿಮಿಷ ಹಿಡೀರಿ. ನೀರಿನ ಬಾಟಲಿಯನ್ನ ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಅಂಗಾಲ ಕೆಳಗೆ ಐದು ನಿಮಿಷ ಉರುಳಿಸೋದು ಸಂಜೆಯ ನೋವಿಗೆ ಹಿತ. ಮನೆಯಲ್ಲಿ ಗ್ರಾನೈಟ್, ಟೈಲ್ಸ್ ನೆಲ ಇದ್ದರೆ ಒಳಗೂ ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ಅಜ್ಜಿ ಬೈತಾರೆ, ಬೈಲಿ. ಮನೆ ಒಳಗೆ ಅಂತಲೇ ಬೇರೆ ಒಂದು ಜೊತೆ ಇಟ್ಟರೆ ಒಪ್ಕೋತಾರೆ, ದೇವರ ಮನೆ ಹೊಸಿಲ ತನಕ ಮಾತ್ರ.

ಚಪ್ಪಲಿ, ಶೂ ವಿಷಯ ಬಂತಲ್ಲ, ಒಂದು ಮಾತು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿಕೊಂಡಿರುತ್ತೆ. ಬೆಳಿಗ್ಗೆ ಹೋಗಿ ಬಿಗಿಯಾಗಿ ಸರಿಹೋದ ಶೂ ತಂದರೆ ಸಂಜೆ ಕಚ್ಚುತ್ತೆ. ಅದಕ್ಕೆ ಶೂ ತಗೊಳ್ಳೋಕೆ ಸಂಜೆ ಹೋಗಿ, ನಿಂತುಕೊಂಡು ಎರಡೂ ಕಾಲಿಗೆ ಹಾಕಿ ನೋಡಿ, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಆನ್‌ಲೈನ್ ಸೇಲ್‌ನಲ್ಲಿ ಒಂದು ಸೈಜ್ ಕಮ್ಮಿದು ತಗೊಂಡು 'ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಬಿಡು' ಅನ್ನೋದು ನಮ್ಮ ಕಾಲಿಗೆ ನಾವೇ ಮಾಡ್ಕೊಳ್ಳೋ ಅನ್ಯಾಯ.

ಎರಡು ಮೂರು ವಾರ ಇಷ್ಟೆಲ್ಲಾ ಮಾಡಿಯೂ ಹಿಮ್ಮಡಿ ನೋವು ಸ್ವಲ್ಪವೂ ಇಳಿಯದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಎರಡೂ ಹಿಮ್ಮಡಿ ಒಟ್ಟಿಗೇ ನೋಯ್ತಿದೆ, ಜೊತೆಗೆ ಬೆಳಿಗ್ಗೆ ಸೊಂಟ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಹಿಡ್ಕೊಂಡಿರುತ್ತೆ, ವಯಸ್ಸು ಇನ್ನೂ ಇಪ್ಪತ್ತು ಮೂವತ್ತು ಅಂದರೆ ಅದು ಸಂಧಿವಾತದ ಒಂದು ಬಗೆ ಇರಬಹುದು. ಅದನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನಾವು ಹೇಳದಿದ್ದರೆ ಹಿಮ್ಮಡಿ ನೋಡಿದವರಿಗೆ ಸೊಂಟದ ಕಥೆ ಗೊತ್ತಾಗಲ್ಲ.

ಓಡೋರ ಕಾಲು, ಉಳುಕಿದ ಕಾಲು

ಪೊಲೀಸ್ ಕಾನ್‌ಸ್ಟೇಬಲ್, ಅಗ್ನಿವೀರ್ ನೇಮಕಾತಿ ಪ್ರಕಟಣೆ ಬಂತು ಅಂದ್ರೆ ಸಾಕು, ತುಮಕೂರಿನ ಸ್ಟೇಡಿಯಂ, ಕುಣಿಗಲ್, ಗುಬ್ಬಿ ಕಡೆಯ ರಸ್ತೆಗಳಲ್ಲಿ ಬೆಳಿಗ್ಗೆ ಐದಕ್ಕೇ ಹುಡುಗರು ಓಡೋದು ಕಾಣುತ್ತೆ. 1600 ಮೀಟರ್ ಓಟ ಪಾಸಾಗಬೇಕು. ವರ್ಷವಿಡೀ ಓಡದ ಕಾಲು ಒಂದು ತಿಂಗಳಲ್ಲಿ ಟಾರ್ ರಸ್ತೆ ಮೇಲೆ ದಿನಾ ಐದಾರು ಕಿಲೋಮೀಟರ್ ಓಡಬೇಕಾಗುತ್ತೆ. ಮೂಳೆಗೂ ಸುಧಾರಿಸಿಕೊಳ್ಳೋಕೆ ಟೈಮ್ ಬೇಕು, ಕೊಡದಿದ್ದರೆ ಸಣ್ಣ ಬಿರುಕು ಬಿಡುತ್ತೆ. 1855ರಲ್ಲೇ ಪ್ರಷ್ಯಾದ ಸೇನೆಯ ಒಬ್ಬ ವೈದ್ಯ, ದೂರ ದೂರ ಮಾರ್ಚ್ ಮಾಡಿದ ಸೈನಿಕರ ಪಾದ ಊದಿ ನೋಯೋದನ್ನ ಬರೆದಿಟ್ಟಿದ್ದ. ಎಕ್ಸ್‌ರೇ ಬಂದ ಮೇಲೆ ಗೊತ್ತಾಯ್ತು, ಅದು ಬೆರಳುಗಳ ಹಿಂದಿನ ಉದ್ದನೆಯ ಮೂಳೆಯಲ್ಲಿ ಬಿಟ್ಟ ಬಿರುಕು ಅಂತ. ಇವತ್ತಿಗೂ ಅದಕ್ಕೆ ಮಾರ್ಚ್ ಫ್ರಾಕ್ಚರ್ ಅನ್ನೋ ಹೆಸರಿದೆ.

ಗುರುತು ಹೀಗೆ: ಪಾದದ ಮೇಲ್ಭಾಗದಲ್ಲಿ ಒಂದೇ ಒಂದು ಜಾಗ, ಬೆರಳಿಟ್ಟು ಒತ್ತಿದರೆ 'ಆಯ್' ಅನ್ನೋ ಹಾಗೆ ನೋಯುತ್ತೆ. ಓಡಿದಷ್ಟೂ ಜಾಸ್ತಿ, ಕೂತರೆ ಕಮ್ಮಿ. ಎಲ್ಲೂ ಬಿದ್ದ ನೆನಪಿರಲ್ಲ. ಇಲ್ಲಿ ಒಂದು ಮೋಸ ಇದೆ. ಮೊದಲ ಎರಡು ಮೂರು ವಾರದಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣಿಸದೇ ಇರಬಹುದು. 'ಎಕ್ಸ್‌ರೇ ನಾರ್ಮಲ್' ಅಂದ ಕೂಡಲೇ ಮಾತ್ರೆ ನುಂಗಿ ಓಡಿದವರ ಬಿರುಕು ಪೂರ್ತಿ ಮುರಿತ ಆಗುತ್ತೆ. ಒಂದೇ ಜಾಗದಲ್ಲಿ ನೋವಿದ್ದರೆ ಓಟ ನಿಲ್ಲಿಸಿ, ಡಾಕ್ಟರ್ ಹೇಳಿದ ದಿನಕ್ಕೆ ಮತ್ತೆ ತೋರಿಸಿ. ವಾಸಿಯಾಗೋಕೆ ಆರರಿಂದ ಎಂಟು ವಾರ ಬೇಕು. ಫಿಸಿಕಲ್ ಟೆಸ್ಟ್ ಹತ್ತಿರ ಇದ್ದಾಗ ಇದನ್ನ ಕೇಳೋಕೆ ಕಷ್ಟ, ನನಗೆ ಗೊತ್ತು. ಆದರೆ ಮುರಿದ ಕಾಲಲ್ಲಿ ಈ ಟೆಸ್ಟೂ ಹೋಗುತ್ತೆ, ಮುಂದಿನದೂ ಹೋಗುತ್ತೆ. ಅದಕ್ಕೇ ಪ್ರಕಟಣೆಗೆ ಕಾಯದೆ ವಾರ ವಾರ ಸ್ವಲ್ಪ ಸ್ವಲ್ಪವೇ ದೂರ ಏರಿಸೋದು, ಆದಷ್ಟು ಮಣ್ಣಿನ ಹಾದಿಯಲ್ಲಿ ಓಡೋದು ಒಳ್ಳೇದು.

ಇನ್ನು ಉಳುಕು. ಭಾನುವಾರ ದೇವರಾಯನದುರ್ಗಕ್ಕೋ, ಕುಣಿಗಲ್ ಕಡೆಯ ಹುತ್ರಿದುರ್ಗಕ್ಕೋ ಹತ್ತಿ, ಇಳಿಯುವಾಗ ರೀಲ್ಸ್ ಮಾಡ್ತಾ ಕಾಲು ಹೊರಳೋದು ಮಾಮೂಲು. ಪಾದ ಒಳಕ್ಕೆ ಮಡಚಿಕೊಂಡು ಹೊರಗಡೆ ಗಿಣ್ಣಿನ ಹತ್ತಿರ ಊದಿಕೊಳ್ಳುತ್ತೆ. ಇದು ಬರೀ ಉಳುಕಾ, ಮೂಳೆ ಮುರಿದಿದೆಯಾ? ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಇದಕ್ಕೆ ಒಂದು ಸರಳ ನಿಯಮ ಕೊಟ್ಟರು, ಈಗ ಪ್ರಪಂಚದೆಲ್ಲೆಡೆ ಎಮರ್ಜೆನ್ಸಿ ವಾರ್ಡುಗಳಲ್ಲಿ ಬಳಕೆಯಲ್ಲಿದೆ. ನಾವೂ ನೆನಪಿಡಬಹುದು. ಬಿದ್ದ ತಕ್ಷಣವೂ, ಆಮೇಲೂ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡೋಕೆ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ ಬೇಕು. ಗಿಣ್ಣಿನ ಎರಡೂ ಪಕ್ಕ ಉಬ್ಬಿದ ಮೂಳೆ ಇದೆಯಲ್ಲ, ಅದರ ತುದಿ ಅಥವಾ ಹಿಂಭಾಗದ ಅಂಚನ್ನ ಒತ್ತಿದರೆ ಮೂಳೆಯ ಮೇಲೇ ನೋವು ಅಂದ್ರೂ ಬೇಕು. ಕಿರುಬೆರಳಿನ ಸಾಲಲ್ಲಿ ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗೋ ಗಂಟು, ಇಲ್ಲವೇ ಒಳಪಕ್ಕದಲ್ಲಿ ಗಿಣ್ಣಿನ ಮುಂದಿರೋ ಮೂಳೆ ನೋಯ್ತಿದ್ದರೂ ಅಷ್ಟೇ.

ಇವು ಯಾವುವೂ ಇಲ್ಲದಿದ್ದರೆ ಅದು ಉಳುಕೇ ಇರೋ ಸಾಧ್ಯತೆ ಹೆಚ್ಚು. ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ದಿಂಬಿನ ಮೇಲೆ ಕಾಲು. ಮೊದಲ ಎರಡು ದಿನ ಬಿಸಿ ಎಣ್ಣೆ ಹಚ್ಚಿ ನೀವಿಸೋದು ಬೇಡ, ಊತ ಇನ್ನೂ ಜಾಸ್ತಿಯಾಗುತ್ತೆ. ನಾಟಿ ಕಟ್ಟು ಹಾಕಿಸೋಕೆ ಹೋಗೋರು ನಮ್ಮಲ್ಲಿ ಬಹಳ. ನಂಬಿಕೆ ಅವರವರದು, ಆದರೆ ಕಟ್ಟೋಕೆ ಮುಂಚೆ ಒಂದು ಎಕ್ಸ್‌ರೇ ಆಗಿರಲಿ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿ ಆದರೆ, ಮರಗಟ್ಟಿದರೆ ಯಾರನ್ನೂ ಕೇಳದೆ ಆ ಕ್ಷಣವೇ ಬಿಚ್ಚಿ, ಆಸ್ಪತ್ರೆಗೆ ಹೋಗಿ.

ಸಣ್ಣಪುಟ್ಟದ್ದನ್ನ ಬೇಗ ಮುಗಿಸಿಬಿಡ್ತೀನಿ. ಕಾಲಿನ ಉಗುರನ್ನ ಅರ್ಧಚಂದ್ರದ ಹಾಗೆ ಕತ್ತರಿಸಿದರೆ ಮೂಲೆ ಮಾಂಸದೊಳಗೆ ಬೆಳೆದು ಕೀವು ಕಟ್ಟುತ್ತೆ, ನೇರಕ್ಕೆ ಕತ್ತರಿಸಿ. ಆಣಿ ಆದರೆ ಬ್ಲೇಡಲ್ಲಿ ಕೆತ್ತಬೇಡಿ. ಆಣಿಯ ಪಟ್ಟಿಯಲ್ಲಿ ಆ್ಯಸಿಡ್ ಇರುತ್ತೆ, ಶುಗರ್ ಇರೋರು ಅದನ್ನ ಮುಟ್ಟಲೇಬಾರದು. ಮಧ್ಯರಾತ್ರಿ ಕಾಲಿನ ಹೆಬ್ಬೆರಳ ಬುಡ ಇದ್ದಕ್ಕಿದ್ದಂತೆ ಕೆಂಪಗೆ ಊದಿ ಹೊದಿಕೆ ತಗುಲಿದರೂ ಜೀವ ಹೋಗೋ ಹಾಗೆ ನೋಯ್ತಿದೆ ಅಂದ್ರೆ ಅದು ಯೂರಿಕ್ ಆ್ಯಸಿಡ್‌ನಿಂದ ಬರೋ ಗೌಟ್ ಇರಬಹುದು, ಉಳುಕು ಅಂತ ಸುಮ್ಮನಿರಬೇಡಿ. ಗುಬ್ಬಿ ಕಡೆ ಅಡಿಕೆ ತೋಟದಲ್ಲಿ ನೀರು ಕಟ್ಟೋರಿಗೆ, ದಿನವಿಡೀ ಬೂಟು ಹಾಕೋರಿಗೆ ಬೆರಳ ಸಂದಿಯಲ್ಲಿ ಕೆಸರು ಹುಣ್ಣು ಆಗುತ್ತೆ. ಅದು ಸಣ್ಣದೇ, ಆದರೆ ಆ ಬಿರುಕಿನಿಂದ ಸೋಂಕು ಒಳಗೆ ಹೋಗಿ ಪಾದ ಕೆಂಪಾಗಿ, ಬಿಸಿಯಾಗಿ, ಕೆಂಪು ಮೇಲಕ್ಕೆ ಹಬ್ಬೋಕೆ ಶುರುವಾದರೆ ಸಣ್ಣದಲ್ಲ. ಕೆಂಪಿನ ಅಂಚಿಗೆ ಪೆನ್ನಿಂದ ಗೆರೆ ಎಳೆದು ಆಸ್ಪತ್ರೆಗೆ ಹೊರಡಿ, ಗೆರೆ ದಾಟಿದೆಯಾ ಅಂತ ಡಾಕ್ಟರಿಗೆ ತೋರಿಸೋಕೆ ಅನುಕೂಲ.

ಶಿವರಾತ್ರಿ ಹತ್ತಿರ ಬಂದಾಗ ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡೆದು ಹೋಗೋರು ಕುಣಿಗಲ್ ದಾಟಿಯೇ ಹೋಗಬೇಕು. ಆ ದಿನಗಳಲ್ಲಿ ಹೆದ್ದಾರಿ ಪಕ್ಕ ಕೂತು ಅಂಗಾಲು ನೋಡ್ಕೊಳ್ಳೋ ಹುಡುಗರನ್ನ ನೀವೂ ನೋಡಿರ್ತೀರಿ. ನೀವು ಹೋಗೋರಾದರೆ ಹೊಸ ಶೂ ಹಾಕ್ಕೊಂಡು ಹೊರಡಬೇಡಿ, ಒದ್ದೆಯಾದ ಸಾಕ್ಸ್ ಬದಲಾಯಿಸಿ, ನೀರುಗುಳ್ಳೆಯ ಮೇಲಿನ ಚರ್ಮ ಕಿತ್ತು ಹಾಕಬೇಡಿ. ಆ ಚರ್ಮವೇ ಅದಕ್ಕೆ ಬ್ಯಾಂಡೇಜ್.

ನೋವೇ ಇಲ್ಲದ ಕಾಲು

ಈಗ ನಾನು ಆಗಲೇ ಹೇಳಿದ ವಿಷಯಕ್ಕೆ ಬರ್ತೀನಿ. ಇದು ನಿಮ್ಮ ಕಾಲಿಗಿಂತ ನಿಮ್ಮ ಅಪ್ಪ ಅಮ್ಮನ ಕಾಲಿಗೆ ಸಂಬಂಧಪಟ್ಟಿದ್ದು.

ನಮ್ಮ ದೊಡ್ಡಪ್ಪ ಗುಬ್ಬಿ ತಾಲ್ಲೂಕಿನವರು, ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಗಿತ್ತು. ಒಂದು ದಿನ ತೋಟದಿಂದ ಬಂದು ಜಗಲಿ ಹತ್ತಿದಾಗ ಸಿಮೆಂಟ್ ನೆಲದ ಮೇಲೆ ರಕ್ತದ ಹೆಜ್ಜೆ ಮೂಡಿತ್ತು. ನೋಡಿದವರು ದೊಡ್ಡಮ್ಮ. ಚಪ್ಪಲಿ ತಿರುಗಿಸಿದರೆ ಮೊಳೆಯೊಂದು ಅಟ್ಟೆ ದಾಟಿ ಮೇಲೆ ಬಂದಿದೆ, ಯಾವಾಗ ಚುಚ್ಚಿಕೊಂಡಿತೋ ಅವರಿಗೇ ಗೊತ್ತಿಲ್ಲ. 'ಆಸ್ಪತ್ರೆಗೆ ಹೋಗಣ ಬನ್ನಿ ದೊಡ್ಡಪ್ಪ' ಅಂದ್ರೆ, 'ಏನೂ ಆಗಿಲ್ಲ ಬುಡಪ್ಪ, ನೋಯ್ತಾನೇ ಇಲ್ಲ ಕಣೋ' ಅಂದ್ರು. ಅರಿಶಿನ ಹಚ್ಚಿದರು, ಬಟ್ಟೆ ಕಟ್ಟಿದರು, ಎರಡನೇ ದಿನ ಮತ್ತೆ ತೋಟಕ್ಕೆ ಹೋದರು. ಹತ್ತು ದಿನ ಕಳೆದ ಮೇಲೆ ವಾಸನೆ ಬಂತು, ಜ್ವರ ಬಂತು. ಕೊನೆಗೆ ಎರಡು ಬೆರಳು ತೆಗೆದರು. ಅವರು ಯಾವತ್ತೂ ಕಾಲು ನೋವು ಅಂತ ಹೇಳಿದವರೇ ಅಲ್ಲ. ಸಮಸ್ಯೆ ಅದೇ ಆಗಿತ್ತು.

ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಉದ್ದನೆಯ ನರಗಳು ಮೊದಲು ಕೆಡುತ್ತವೆ. ಮೈಯಲ್ಲಿ ಅತಿ ಉದ್ದದ ನರ ಹೋಗೋದು ಪಾದಕ್ಕೆ. ಕೆಲವರಿಗೆ ಮೊದಲು ಅಂಗಾಲು ಉರಿ, ಇರುವೆ ಹರಿದ ಹಾಗೆ, ಜೋಮು. ಆಮೇಲೆ ಅದೂ ಹೋಗಿ, ಏನೂ ಗೊತ್ತಾಗಲ್ಲ. ಉರಿ ಹೋಯ್ತು ಅಂತ ಅವರು ಖುಷಿಪಡ್ತಾರೆ, ಆದರೆ ಅದು ವಾಸಿಯಾಗಿದ್ದಲ್ಲ. ಅಂದ ಹಾಗೆ, ಅಂಗಾಲು ಉರಿಗೆ ಸಕ್ಕರೆಯೊಂದೇ ಕಾರಣ ಅಲ್ಲ. ವಿಟಮಿನ್ ಬಿ12 ಕಮ್ಮಿ ಇದ್ದರೂ ಬರುತ್ತೆ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆಯನ್ನ ವರ್ಷಗಟ್ಟಲೆ ತಗೊಳ್ಳೋರಲ್ಲಿ ಇದು ಕಮ್ಮಿಯಾಗಬಹುದು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಮಾತ್ರೆಯನ್ನ ಮಾತ್ರ ನೀವಾಗೇ ನಿಲ್ಲಿಸಬೇಡಿ.

ನೋವಿಲ್ಲದ ಪಾದದ ಪಾಠವನ್ನ ಪ್ರಪಂಚ ಕಲಿತದ್ದು ನಮ್ಮ ಪಕ್ಕದ ವೆಲ್ಲೂರಿನಿಂದ. ಪಾಲ್ ಬ್ರಾಂಡ್ ಅಂತ ಒಬ್ಬ ಶಸ್ತ್ರವೈದ್ಯರು, 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಇಂಗ್ಲಿಷ್ ದಂಪತಿಯ ಮಗ, 1946ರಲ್ಲಿ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಬಂದರು. ಕುಷ್ಠರೋಗಿಗಳ ಬೆರಳು ಕೊಳೆತು ಉದುರುತ್ತವೆ ಅಂತ ಆಗ ಎಲ್ಲರೂ ನಂಬಿದ್ದರು. ಅವರು ನೋಡಿ ಕಂಡುಕೊಂಡದ್ದು ಬೇರೆ: ನರ ಸತ್ತು ನೋವು ಗೊತ್ತಾಗದ್ದರಿಂದ ಸುಟ್ಟರೂ, ಕುಯ್ದರೂ, ಗಾಯದ ಮೇಲೇ ನಡೆದರೂ ರೋಗಿಗಳಿಗೆ ತಿಳಿಯುತ್ತಿರಲಿಲ್ಲ. ಬೆರಳು ಹೋಗ್ತಿದ್ದದ್ದು ಹೀಗೆ. ರಾತ್ರಿ ಇಲಿ ಬೆರಳು ಕಚ್ಚಿದರೂ ಎಚ್ಚರವಾಗುತ್ತಿರಲಿಲ್ಲವಂತೆ. ಅದಕ್ಕೆ ಮನೆಗೆ ಹೋಗೋ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸ್ತಿದ್ದರು ಅಂತ ಅವರೇ ಬರೆದಿದ್ದಾರೆ. ಇವತ್ತು ಚಪ್ಪಲಿ ಅಂಗಡಿಯಲ್ಲಿ 'ಎಂಸಿಆರ್ ಚಪ್ಪಲಿ ಕೊಡಿ' ಅಂತ ಕೇಳ್ತೀವಲ್ಲ, ಆ ಮೆತ್ತನೆ ರಬ್ಬರ್ ಚಪ್ಪಲಿ ಬಳಕೆಗೆ ಬಂದದ್ದು ಇದೇ ರೋಗಿಗಳ ಪಾದ ಉಳಿಸೋ ಕೆಲಸದಿಂದ. ಶುಗರ್ ಇರೋರಿಗೆ ಈಗಲೂ ಅದೇ ಸಲಹೆ.

2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಒಬ್ಬರು ಇದ್ದೇ ಇರ್ತಾರೆ. ಅದಕ್ಕೆ ಇವತ್ತು ರಾತ್ರಿ ಊಟ ಆದ ಮೇಲೆ ಎರಡು ನಿಮಿಷದ ಒಂದು ಕೆಲಸ ಮಾಡಿ. ಯಾವ ಸಾಮಾನೂ ಬೇಡ. ಅಮ್ಮನನ್ನೋ ಅಪ್ಪನನ್ನೋ ಕಾಲು ಚಾಚಿ ಮಲಗೋಕೆ ಹೇಳಿ, ಕಣ್ಣು ಮುಚ್ಚಲಿ. 'ಮುಟ್ಟಿದ್ದು ಗೊತ್ತಾದಾಗ ಬಲ ಇಲ್ಲಾ ಎಡ ಅಂತ ಹೇಳಿ' ಅನ್ನಿ. ನಿಮ್ಮ ತೋರುಬೆರಳ ತುದಿಯಿಂದ ಹೂವು ಮುಟ್ಟಿದ ಹಾಗೆ, ಒಂದೆರಡು ಸೆಕೆಂಡ್ ಮಾತ್ರ, ಬಲಗಾಲಿನ ಹೆಬ್ಬೆರಳ ತುದಿ ಮುಟ್ಟಿ, ಆಮೇಲೆ ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಬಲ ನಡುಬೆರಳು, ಎಡ ನಡುಬೆರಳು. ಒತ್ತಬೇಡಿ, ತಟ್ಟಬೇಡಿ, ಗೊತ್ತಾಗಲಿಲ್ಲ ಅಂತ ಎರಡನೇ ಸಲ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕಮ್ಮಿಯಾಗಿರೋ ಸಾಧ್ಯತೆ ಇದೆ, ಡಾಕ್ಟರಿಗೆ ತೋರಿಸಬೇಕು. ಇಂಗ್ಲೆಂಡಿನ ಇಪ್ಸ್‌ವಿಚ್ ಅನ್ನೋ ಊರಿನ ಆಸ್ಪತ್ರೆಯವರು ರೂಪಿಸಿದ ಪರೀಕ್ಷೆ ಇದು, ಮನೆಯವರೇ ಮಾಡಲಿ ಅಂತಲೇ ಇಷ್ಟು ಸುಲಭ ಮಾಡಿದ್ದು.

ಹಾಗೇ ಅಂಗಾಲು ತಿರುಗಿಸಿ ನೋಡಿ, ಬೆರಳ ಸಂದಿ ಬಿಡಿಸಿ ನೋಡಿ. ಮೊಬೈಲ್ ಟಾರ್ಚ್ ಇದೆಯಲ್ಲ. ಗಾಯ, ಬಿರುಕು, ಕಪ್ಪು ಕಲೆ, ನೀರುಗುಳ್ಳೆ ಇದ್ದರೆ ಒಂದು ಫೋಟೋ ತೆಗೆದಿಡಿ. 'ಅಯ್ಯೋ, ನನ್ನ ಕಾಲು ಮುಟ್ಟಬೇಡ ಕಂದಾ' ಅಂತ ಅಮ್ಮ ಕಾಲು ಎಳ್ಕೋತಾರೆ, ಹಬ್ಬದ ದಿನ ಕಾಲು ಮುಟ್ಟಿ ನಮಸ್ಕಾರ ಮಾಡೋಕೆ ಬಿಡ್ತೀರಲ್ಲ ಅಂತ ಕೇಳಿ. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಫಾರಂ ಇದೆ. ಕುದುರೆ ಸಾಕೋರು ಗೊರಸನ್ನ ನೋಡದೇ ಬಿಡಲ್ಲ, ನಾಲ್ಕಾರು ವಾರಕ್ಕೊಮ್ಮೆ ಅದನ್ನ ಸವರಿ ಸರಿಮಾಡಲೇಬೇಕು. ನಮ್ಮ ಮನೆಯ ಹಿರಿಯರ ಅಂಗಾಲನ್ನ ವರ್ಷಕ್ಕೊಮ್ಮೆ ಕೂಡ ಯಾರೂ ತಿರುಗಿಸಿ ನೋಡಿರಲ್ಲ.

ಸ್ಪರ್ಶ ಕಮ್ಮಿ ಇರೋರು ಮನೆ ಒಳಗೂ ಬರಿಗಾಲಲ್ಲಿ ಓಡಾಡಬಾರದು, ಚಪ್ಪಲಿ ಹಾಕೋ ಮುಂಚೆ ಒಳಗೆ ಕೈಯಾಡಿಸಬೇಕು, ಕಾಲನ್ನ ಬಿಸಿನೀರಲ್ಲಿ ನೆನೆಸಬಾರದು. ಬೇಸಿಗೆಯಲ್ಲಿ ಎಡೆಯೂರಿಗೋ ಸಿದ್ಧಗಂಗೆಗೋ ಕರ್ಕೊಂಡು ಹೋದಾಗ ನಡುಮಧ್ಯಾಹ್ನ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿಸಬೇಡಿ. ಬೆಳಿಗ್ಗೆ ಬೇಗ ಹೋಗಿ. ನಮಗೆ ಸುಡುತ್ತೆ, ಓಡ್ತೀವಿ. ಅವರಿಗೆ ಸುಟ್ಟದ್ದೂ ಗೊತ್ತಾಗಲ್ಲ.

ಬೀಡಿ, ಸಿಗರೇಟಿನ ವಿಷಯ ಇಲ್ಲೇ ಹೇಳಬೇಕು, ಇದು ವಯಸ್ಸಾದವರ ಕಾಯಿಲೆ ಮಾತ್ರ ಅಲ್ಲ. ಸ್ವಲ್ಪ ದೂರ ನಡೆದರೆ ಮೀನಖಂಡವೋ ಅಂಗಾಲೋ ಹಿಡ್ಕೊಳ್ಳುತ್ತೆ, ನಿಂತರೆ ಬಿಡುತ್ತೆ. ಆಮೇಲೆ ರಾತ್ರಿ ಮಲಗಿದರೆ ಪಾದ ನೋವು, ಮಂಚದಿಂದ ಕೆಳಕ್ಕೆ ಇಳಿಬಿಟ್ಟರೆ ಸ್ವಲ್ಪ ಆರಾಮ. ಇದು ರಕ್ತ ಸಾಲದ ಕಾಲಿನ ನೋವು. 1908ರಲ್ಲಿ ಲಿಯೋ ಬರ್ಗರ್ ಅನ್ನೋ ವೈದ್ಯ ವಿವರಿಸಿದ ಕಾಯಿಲೆಯೊಂದು ತಂಬಾಕು ಸೇದೋ ಇಪ್ಪತ್ತು, ಮೂವತ್ತು, ನಲವತ್ತರ ಹುಡುಗರ ಕಾಲ್ಬೆರಳನ್ನೇ ಹುಡುಕಿಕೊಂಡು ಬರುತ್ತೆ. ಸೇದೋದನ್ನ ಪೂರ್ತಿ ನಿಲ್ಲಿಸೋದೇ ಅದಕ್ಕೆ ಮುಖ್ಯ ಔಷಧಿ. ದಿನಕ್ಕೊಂದೇ ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

ಯಾವಾಗ, ಎಲ್ಲಿಗೆ

ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾಗದ ನೋವು ಬಂದರೆ ಅದು ಗಂಟೆಗಳ ಲೆಕ್ಕ, ಆಗಲೇ ಹೊರಡಿ. ಮೂಳೆ ವಕ್ರವಾಗಿ ಕಾಣುತ್ತಿದ್ದರೂ, ಚರ್ಮ ಹರಿದು ಹೊರಬಂದಿದ್ದರೂ ಹಾಗೇ. ಒಂದೇ ಕಾಲಿನ ಮೀನಖಂಡ ಊದಿ ನೋಯ್ತಿದ್ದರೆ, ಅದರಲ್ಲೂ ದೂರ ಪ್ರಯಾಣ, ಆಪರೇಷನ್ ಅಥವಾ ಹೆರಿಗೆ ಆದ ಮೇಲೆ, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರಾಟ ಕಷ್ಟ ಅಂದ್ರೆ 108ಕ್ಕೆ ಫೋನ್ ಮಾಡಿ. ಕಾಲು ನೋವಿನ ಜೊತೆ ಸೊಂಟ ನೋವಿದ್ದು, ಮೂತ್ರ ಕಟ್ಟಿಕೊಂಡರೆ ಅಥವಾ ತೊಡೆ ಸಂದಿ ಮರಗಟ್ಟಿದರೆ ಅದು ಬೆನ್ನಿನ ನರದ ತುರ್ತು. ಮಗು ಜ್ವರದ ಜೊತೆ ಕುಂಟುತ್ತಿದ್ದರೆ, ಕಾಲು ಊರದೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಶುಗರ್ ಇರೋರಿಗೆ ನಿಯಮ ಬೇರೆ. ಪಾದದಲ್ಲಿ ಯಾವ ಗಾಯವಾದರೂ, ನೋವಿರಲಿ ಬಿಡಲಿ, ಅವತ್ತೇ ಇಲ್ಲಾ ಮಾರನೇ ದಿನ ಡಾಕ್ಟರ್ ನೋಡಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಕೆಂಪಾಗಿ ಊದಿದ್ದರೆ ಒಳಗೆ ಮೂಳೆಗಳು ಕುಸೀತಿರಬಹುದು, ಡಾಕ್ಟರ್ ನೋಡೋ ತನಕ ಆ ಕಾಲಿನ ಮೇಲೆ ಭಾರ ಹಾಕಬಾರದು. ಮೊಳೆ, ಮುಳ್ಳು ಚುಚ್ಚಿದಾಗ ನಾವು ಟಿಟಿ ಅಂತಿದ್ದ ಇಂಜೆಕ್ಷನ್, ಈಗ ಟಿಡಿ, ಯಾವಾಗ ಹಾಕಿಸಿದ್ದು ಅಂತ ನೆನಪು ಮಾಡ್ಕೊಳ್ಳಿ. ಕೊಳಕು ಗಾಯ ಆಗಿ, ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು.

ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಇದೆ, ತುಮಕೂರಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಸಾಮಾನ್ಯ ನೋವು, ಎಕ್ಸ್‌ರೇ, ಡ್ರೆಸ್ಸಿಂಗ್, ಸಕ್ಕರೆ ಪರೀಕ್ಷೆಗೆ ಮೊದಲು ಅಲ್ಲಿಗೇ ಹೋಗಬಹುದು. ವಾಸಿಯಾಗದ ಹುಣ್ಣಿಗೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆ ಅಂತಲೇ ವಿಭಾಗ ಇದೆ, ಇಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಸ್ಕೊಂಡು ಹೋಗಿ.

ಹೋಗುವಾಗ ಹೊಸ ಶೂ ಹಾಕ್ಕೊಂಡು ಹೋಗಬೇಡಿ. ದಿನಾ ಹಾಕೋ ಸವೆದ ಚಪ್ಪಲಿಯನ್ನೇ ಹಾಕ್ಕೊಂಡು ಹೋಗಿ, ಅಟ್ಟೆ ಯಾವ ಪಕ್ಕ ಸವೆದಿದೆ ಅನ್ನೋದು ಡಾಕ್ಟರಿಗೆ ಅರ್ಧ ಕಥೆ ಹೇಳುತ್ತೆ. ಈಗ ನುಂಗುತ್ತಿರೋ ಮಾತ್ರೆಗಳ ಫೋಟೋ ಇರಲಿ. ಹಿರಿಯರನ್ನ ಕರ್ಕೊಂಡು ಹೋದರೆ, ಡಾಕ್ಟರ್ ಬರೀ ಶುಗರ್ ರಿಪೋರ್ಟ್ ನೋಡಿ ಕಳಿಸೋ ಮುಂಚೆ 'ಸರ್, ಒಂದ್ಸಲ ಅಮ್ಮನ ಕಾಲು ನೋಡ್ತೀರಾ' ಅಂತ ನೀವೇ ಕೇಳಿ, ಸಾಕ್ಸ್ ನೀವೇ ಬಿಚ್ಚಿ.